ಬೇಗೂರಿನ ಪಟದಲ್ಲಿರುವ ಮುಖ

ನಿಮ್ಮ ನಡುಮನೆಯ ಗೋಡೆಯ ಮೇಲೆ ಪಟದಲ್ಲಿ ಕೂತಿರುವವನು ನಿನ್ನ ಅಪ್ಪನಲ್ಲ, ಮಂಗಳಾ. ಅದು ನಾನು.

ಬರೆದಾಯಿತು. ಇನ್ನು ಹಿಂದಕ್ಕೆ ಹೋಗುವ ಹಾಗಿಲ್ಲ. ಹಣೆಯ ತುಂಬ ವಿಭೂತಿ, ತಲೆಗೆ ಬಿಳಿ ಪೇಟ, ಗದ್ದ ಮುಚ್ಚುವ ಹಾಗೆ ಸೇವಂತಿಗೆ ಹಾರ, ಎಡ ಅಂಗೈಯಲ್ಲಿ ಲಿಂಗ — ಅಮಾವಾಸ್ಯೆ ಅಮಾವಾಸ್ಯೆಗೂ ನೀನು ಊದುಬತ್ತಿ ಹಚ್ಚಿ, ಅಪ್ಪಾ ಎಂದು ಕೈಮುಗಿದದ್ದು ನನಗೆ. ಚಾಮರಾಜನಗರದ ಅಂಗಡಿಯಲ್ಲಿ ಎಲೆಅಡಿಕೆ ಜಗಿಯುತ್ತ, ಉಂಡು, ಮಲಗಿ, ಮಕ್ಕಳ ಮದುವೆ ಮಾಡಿ, ಗುಂಡುಕಲ್ಲಿನ ಹಾಗೆ ಬದುಕಿದ್ದ ನನಗೆ. ಸತ್ತವನಿಗೆ ಸಲ್ಲಬೇಕಾದ ಪೂಜೆಯನ್ನು ಬದುಕಿದ್ದುಕೊಂಡು ತಿಂದವನು ನಾನು.

ಹೋದ ವಾರ ನೀನು ಅಂಗಡಿಗೆ ಬಂದೆ. ಪಟದ ಹಿಂದಿನ ರಟ್ಟಿನ ಮೇಲೆ ನಮ್ಮ ಅಂಗಡಿಯ ಮೊಹರು ನೋಡಿ ಹುಡುಕಿಕೊಂಡು ಬಂದಿದ್ದೆ. ಎರಡು ಫೋಟೋ ಮೇಜಿನ ಮೇಲಿಟ್ಟೆ. ಒಂದು ನಿನ್ನ ಅವ್ವ ಶಿವಮ್ಮನದು, ನಿನ್ನ ಮಗಳ ನಾಮಕರಣದಲ್ಲಿ ಯಾರೋ ತೆಗೆದದ್ದು. ಇನ್ನೊಂದು — ಗಾಜು ಒರೆಸಿ, ಸೆರಗಿನಲ್ಲಿ ಸುತ್ತಿ ತಂದದ್ದು.

"ಅವ್ವ ಓಗ್ಬುಟ್ಲು ಯಜಮಾನ್ರೆ. ಅವ್ವ ಅಪ್ಪ ಇಬ್ರೂ ಜೊತೇಲಿ ಕೂತಿರೋದ ನಾನು ಕಂಡೇ ಇಲ್ಲ. ಪಕ್ಕಪಕ್ಕ ಕೂರ್ಸಿ ಒಂದೇ ಪಟ ಮಾಡ್ಕೊಡಿ," ಎಂದೆ.

ಆಗಲಿ ತಾಯಿ ಎಂದೆ ನಾನು. ಬೇರೆ ಏನು ಹೇಳಲಿ? ನೀನು ಎದುರಿಗೇ ನಿಂತು ನನ್ನ ಮುಖ ನೋಡುತ್ತಿದ್ದೆ, ನಿನ್ನ ಕೈಯಲ್ಲೇ ನನ್ನ ಮುಖ ಇತ್ತು. ನಿನಗೆ ಗುರುತು ಹತ್ತಲಿಲ್ಲ. ಹತ್ತಬಾರದೆಂದು ತಾನೇ ನಾನು ಅಷ್ಟು ವರ್ಷದ ಹಿಂದೆಯೇ ಮೀಸೆ ಬೋಳಿಸಿದ್ದು.

ಮೊದಲಿಂದ ಹೇಳುತ್ತೇನೆ.

ಈ ಕಸುಬನ್ನು ನಾನು ಕಲಿತದ್ದು ಗುಂಡ್ಲುಪೇಟೆಯ ಸುಬ್ಬಣ್ಣನವರ ಹತ್ತಿರ. ಬಾಯಿ ಜೋರು, ಜಂಬದ ಮನುಷ್ಯ. ಇಂಗ್ಲೆಂಡಿನಿಂದ ಬಂದ ಒಂದು ಮರದ ಕ್ಯಾಮೆರಾ ಅವರದು — ಮೂರು ಕಾಲಿನ ಸ್ಟ್ಯಾಂಡು, ತಲೆಯ ಮೇಲೆ ಹೊದ್ದುಕೊಳ್ಳಲು ಕರಿಬಟ್ಟೆ, ಗಾಜಿನ ಪ್ಲೇಟು. ಅದರಲ್ಲಿ ಗುಂಡಿ ಒತ್ತುವ ಮಾತೇ ಇಲ್ಲ. ಲೆನ್ಸಿನ ಮುಚ್ಚಳವನ್ನು ಕೈಯಿಂದ ತೆಗೆಯಬೇಕು, ಮನಸ್ಸಿನಲ್ಲೇ ಎಣಿಸಬೇಕು, ಮತ್ತೆ ಮುಚ್ಚಬೇಕು. ಅಷ್ಟೇ ಫೋಟೋ. ನಮ್ಮ ಸೀಮೆಯಲ್ಲಿ ಆಗ ಎಷ್ಟೋ ಜನ ಬದುಕಿದ್ದಾಗ ಕ್ಯಾಮೆರಾದ ಮುಂದೆ ಕೂತವರೇ ಅಲ್ಲ. ಸತ್ತ ಮೇಲೆ ಮೈ ತೊಳೆದು, ವಿಭೂತಿ ಹಚ್ಚಿ, ನಮ್ಮ ಲಿಂಗವಂತರ ಪದ್ಧತಿಯಂತೆ ಕೂರಿಸುತ್ತಾರಲ್ಲ, ಆಗ ತೆಗೆಸಿದ್ದೇ ಮೊದಲನೆಯದು, ಅದೇ ಕೊನೆಯದು. ಸುಬ್ಬಣ್ಣನವರು ಮುಚ್ಚಳಕ್ಕೆ ಕೈಹಾಕುವ ಮುಂಚೆ ಹೆಣದ ಮುಂದೆ ಬಾಗಿ, ಹೆಸರು ಹಿಡಿದು ಕರೆದು, "ಈಗ ಮುಚ್ಚುಳ ತೆಗಿತೀನಿ ಕಣಪ್ಪ, ಅಳ್ಳಾಡ್ಬ್ಯಾಡ" ಎನ್ನುತ್ತಿದ್ದರು. ಹಾಗೆ ಹೇಳದೆ ಒಂದು ಫೋಟೋವನ್ನೂ ತೆಗೆದವರಲ್ಲ. ಆಮೇಲೆ ಮನೆಗೆ ಬಂದು ಸತ್ತವರ ಮುಚ್ಚಿದ ರೆಪ್ಪೆಯ ಮೇಲೆ ಕುಂಚದಿಂದ ತೆರೆದ ಕಣ್ಣು ಬರೆಯುತ್ತಿದ್ದರು. ಕಣ್ಣು ತೆರೆಸುವುದು ಎನ್ನುತ್ತಿದ್ದೆವು ಅದಕ್ಕೆ. ನಾನು ಕಣ್ಣು ತೆರೆಸುವುದನ್ನು ಚೆನ್ನಾಗಿ ಕಲಿತೆ. ಹೆಣದ ಜೊತೆ ಮಾತಾಡುವುದನ್ನು ಮಾತ್ರ ಮುದುಕನ ಹುಚ್ಚು ಎಂದು ಊರೆಲ್ಲ ಆಡಿಕೊಂಡು ನಗುತ್ತಿದ್ದೆ.

ಚಾಮರಾಜನಗರದಲ್ಲಿ ಸ್ವಂತ ಅಂಗಡಿ ಇಟ್ಟ ಮೇಲೆ ನನಗೆ ರೋಲಿಫ್ಲೆಕ್ಸ್ ಹುಚ್ಚು ಹಿಡಿಯಿತು. ಜರ್ಮನಿಯ ಕ್ಯಾಮೆರಾ. ಅದಕ್ಕೆ ಎರಡು ಕಣ್ಣು — ಮೇಲಿನ ಕಣ್ಣಿನಿಂದ ನಾವು ನೋಡುವುದು, ಕೆಳಗಿನ ಕಣ್ಣಿನಿಂದ ಫಿಲ್ಮಿಗೆ ಬೆಳಕು ಹೋಗುವುದು. ಊಟಿ ಕಡೆಯ ಟೀ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದದ್ದು, ಕೈಯಿಂದ ಕೈಗೆ ಬಂದು ನನಗೆ ಸಿಕ್ಕಿತು. ಅದರ ಮುಚ್ಚಳ ಮಾತ್ರ ಕಳೆದುಹೋಗಿತ್ತು. ದಾರಿಯ ಧೂಳಿಗೆ ಕೆಳಗಿನ ಲೆನ್ಸು ಕೆಡಬಾರದೆಂದು ನಾನೇ ಒಂದು ನಶ್ಯದ ಡಬ್ಬಿಯ ಮುಚ್ಚಳಕ್ಕೆ ಒಳಗಡೆ ಬಟ್ಟೆ ಅಂಟಿಸಿ, ಹೊರಗಡೆ ಕರಿ ಬಣ್ಣ ಬಳಿದು ಸಿಕ್ಕಿಸಿಕೊಂಡಿದ್ದೆ. ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು.

ಯಾವ ಕ್ಯಾಮೆರಾ ಮೇಲು ಎನ್ನುವುದೇ ಆಗ ನಮ್ಮಿಬ್ಬರ ಜಗಳ. ಗುಂಡ್ಲುಪೇಟೆಯ ಹೋಟೆಲಿನಲ್ಲಿ ಕೂತರೆ ಕಾಫಿ ಆರುವ ತನಕ ಅದೇ ಮಾತು. ಬಂಡೀಪುರಕ್ಕೆ ಬರುತ್ತಿದ್ದ ಸಾಹೇಬರ ಕೊರಳಲ್ಲಿ ನೇತಾಡುವ ಲೈಕಾ ಏನು ಮಹಾ, ಅದರ ಫಿಲ್ಮು ಹೆಬ್ಬೆಟ್ಟಿನಷ್ಟು, ಮುಖದ ಮೇಲಿನ ಗೀರು ಎಲ್ಲಿ ಬಂದೀತು ಎಂದು ನಾನು. ನಿನ್ನ ಫಿಲ್ಮು ನನ್ನ ಪ್ಲೇಟಿನ ಮುಂದೆ ಅಂಚೆಚೀಟಿ ಎಂದು ಅವರು. ಒಂದು ಸಲ ಇಬ್ಬರೂ ಪಂದ್ಯ ಕಟ್ಟಿ ಗೋಪಾಲಸ್ವಾಮಿ ಬೆಟ್ಟ ಹತ್ತಿ ಗುಡಿಯ ಫೋಟೋ ತೆಗೆದೆವು. ಅವರ ಪ್ಲೇಟಿನಲ್ಲಿ ಗೋಪುರದ ಕಲ್ಲು ಕಲ್ಲೂ ಬಂದಿತ್ತು, ಮಂಜು ಮಾತ್ರ ಹಾಲು ಚೆಲ್ಲಿದ ಹಾಗೆ. ನನ್ನದರಲ್ಲಿ ಮಂಜು ಎಳೆ ಎಳೆಯಾಗಿ ನಿಂತಿತ್ತು. ಹೋಟೆಲಿನ ಜನ ನನ್ನದನ್ನೇ ಮೆಚ್ಚಿದರು. ನಿನ್ನ ಕ್ಯಾಮೆರಾ ಮೆಚ್ಚಿದರು ಕಣ್ಲಾ, ನಿನ್ನನ್ನಲ್ಲ ಎಂದು ಸುಬ್ಬಣ್ಣನವರು ಎದ್ದು ಹೋದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅವರ ಬೆನ್ನಿಗೆ ಕೂಗಿದೆ. ಎಲ್ಲರೂ ನಕ್ಕರು. ನನಗೆ ಮಾತ್ರ ಅವರ ಮಾತು ಮುಳ್ಳು ಮುರಿದ ಹಾಗೆ ಒಳಗೇ ಉಳಿಯಿತು.

ನಿನ್ನ ಅಪ್ಪ ಮಹದೇವಪ್ಪ ತೀರಿಕೊಂಡ ದಿನ ನಾನು ಗುಂಡ್ಲುಪೇಟೆಯಲ್ಲೇ ಇದ್ದೆ. ಸುಬ್ಬಣ್ಣನವರನ್ನು ಕರೆಯಲು ಬೇಗೂರಿನಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದ. ಚಳಿಜ್ವರ ಬಂದು ನಾಲ್ಕು ದಿನಕ್ಕೇ ಹೋಗಿಬಿಟ್ಟರು, ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ, ಬದನಗುಪ್ಪೆಯಲ್ಲಿ ಮಗು ಹುಟ್ಟಿ ಇನ್ನೂ ವಾರ ತುಂಬಿಲ್ಲ, ಬರುವ ಹಾಗಿಲ್ಲ ಎಂದ. ಆ ಮಗು ನೀನು. ಸುಬ್ಬಣ್ಣನವರು ಗಾಡಿ ಹೇಳಿ ಕಳಿಸಲು ಎದ್ದರು. ನಿಮ್ಮ ಪೆಟ್ಟಿಗೆ ಗಾಡಿಗೆ ಏರುವ ಹೊತ್ತಿಗೆ ಅಲ್ಲಿ ಮಣ್ಣಾಗಿರುತ್ತದೆ, ನಾನು ಸೈಕಲ್ಲಿನಲ್ಲೇ ಹೋಗಿ ತೆಗೆದುಕೊಂಡು ಬರುತ್ತೇನೆ ಎಂದೆ. ಅವರು ನನ್ನನ್ನೂ ನನ್ನ ಕ್ಯಾಮೆರಾವನ್ನೂ ಒಂದು ಸಲ ನೋಡಿದರು. ಓಗು, ಆದರೆ ಸತ್ತವನಿಗೆ ಒಂದು ಮಾತು ಹೇಳಿ ತೆಗಿ ಎಂದರು. ನಾನು ಪೆಡಲ್ ಮೇಲೆ ಕಾಲಿಟ್ಟಾಗಿತ್ತು.

ಬೇಗೂರಿನಲ್ಲಿ ನಿನ್ನ ದೊಡ್ಡಪ್ಪ ಗುರುಮಲ್ಲಪ್ಪ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. ಅವರ ಮಾತು ಅಕ್ಷರ ಅಕ್ಷರವೂ ನೆನಪಿದೆ — "ಬಾಣಂತಿ ಬರಂಗಿಲ್ಲ, ನಾವು ಮಡಗಂಗಿಲ್ಲ. ಅವ್ಳು ನೋಡ್ಕಳಕೆ ಒಂದು ಮೊಕ ಬೇಕು ಸ್ವಾಮಿ. ಅದೊಂದು ಮಾಡ್ಕೊಡಿ."

ನಿನ್ನ ಅಪ್ಪನನ್ನು ಜಗಲಿಯ ಮೇಲೆ ಜಮಖಾನದ ಮುಂದೆ ಕೂರಿಸಿದ್ದರು. ನನ್ನದೇ ವಯಸ್ಸು, ನನ್ನದೇ ಮೈಕಟ್ಟು, ನನ್ನ ಹಾಗೇ ಮೀಸೆ. ಬೆಳಕು ಹೇಳಿ ಕಳಿಸಿದ ಹಾಗಿತ್ತು. ನಾನು ಬಗ್ಗಿ ಮೇಲಿನ ಗಾಜಿನಲ್ಲಿ ನೋಡಿದೆ. ಅವರ ಮುಖ ನೀರಿನಲ್ಲಿ ಕಂಡ ಹಾಗೆ ಸ್ವಚ್ಛವಾಗಿ ಕಂಡಿತು. ಒಬ್ಬರನ್ನೇ ತೆಗೆದೆ, ಆಮೇಲೆ ನೆಂಟರನ್ನೆಲ್ಲ ಸುತ್ತ ನಿಲ್ಲಿಸಿ ತೆಗೆದೆ. ಒತ್ತಿದಾಗೆಲ್ಲ ಆ ಜರ್ಮನ್ ಯಂತ್ರ ಟಿಕ್ ಎಂದಿತು, ಫಿಲ್ಮು ಸುತ್ತುವ ಹಿಡಿ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಎಂಥ ಕ್ಯಾಮೆರಾ ಎಂದು ಹೆಣದ ಮುಂದೆ ನಿಂತು ಒಳಗೊಳಗೇ ಹಿಗ್ಗಿದವನು ನಾನು. ಸತ್ತವನಿಗೆ ಒಂದು ಮಾತೂ ಹೇಳಲಿಲ್ಲ.

ಚಾಮರಾಜನಗರಕ್ಕೆ ಬಂದು ಫಿಲ್ಮು ತೊಳೆದೆ. ಏನೂ ಇಲ್ಲ. ಈ ತುದಿಯಿಂದ ಆ ತುದಿಗೆ ಗಾಜಿನ ಹಾಗೆ ಬರಿದು. ಆಗ ತಿಳಿಯಿತು — ನಶ್ಯದ ಡಬ್ಬಿಯ ಮುಚ್ಚಳ ಕೆಳಗಿನ ಲೆನ್ಸಿನ ಮೇಲೆ ಹಾಗೇ ಇತ್ತು. ಮೇಲಿನ ಕಣ್ಣಿನಲ್ಲಿ ಎಲ್ಲ ಕಂಡಿತ್ತು, ಕೆಳಗಿನ ಕಣ್ಣು ಮುಚ್ಚಿತ್ತು. ಸುಬ್ಬಣ್ಣನವರ ಪೆಟ್ಟಿಗೆಯಲ್ಲಿ ಮುಚ್ಚಳ ಮರೆಯುವುದು ಸಾಧ್ಯವೇ ಇರಲಿಲ್ಲ; ಮುಚ್ಚಳ ತೆಗೆಯುವುದೇ ಅಲ್ಲಿ ಫೋಟೋ. ಇಲ್ಲ, ತಪ್ಪನ್ನು ಕ್ಯಾಮೆರಾದ ಮೇಲೆ ಹಾಕುವುದಿಲ್ಲ. ಆ ಒಂದು ಮಾತು ಬಾಯಲ್ಲಿ ಬಂದಿದ್ದರೆ — ಈಗ ಮುಚ್ಚಳ ತೆಗೆಯುತ್ತೇನೆ ಕಣಪ್ಪ — ಕೈ ತಾನಾಗಿ ಮುಚ್ಚಳಕ್ಕೆ ಹೋಗುತ್ತಿತ್ತು. ಮುದುಕನ ಹುಚ್ಚು ಎಂದಿದ್ದೆನಲ್ಲ.

ಮಾರನೆಯ ದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿಕೊಂಡೆ. ಸೇವಂತಿಗೆ ಹಾರ ತರಿಸಿದ್ದೆ. ಜಮಖಾನ ಕಟ್ಟಿದೆ, ಪೇಟ ಸುತ್ತಿದೆ, ಹಣೆಗೆ ವಿಭೂತಿ ಬಳಿದೆ. ಸತ್ತವನ ಹಾಗೆ ಕೂರು ಎಂದು ಯಾರನ್ನು ಕೇಳಲಿ? ಕೇಳಿದರೆ ಉಗಿಯುತ್ತಿದ್ದರು. ನಾನೇ ಕೂತೆ. ಕೊರಳಿನ ಕರಡಿಗೆಯಿಂದ ನನ್ನ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡೆ, ಹೆಣದ ಅಂಗೈಯಲ್ಲಿ ಇಡುವ ಹಾಗೆ. ರೋಲಿಫ್ಲೆಕ್ಸಿನಲ್ಲಿ ಒಂದು ಸಣ್ಣ ಕೀಲಿ ಇದೆ. ಅದನ್ನು ಎಳೆದು ಬಿಟ್ಟರೆ ಸ್ವಲ್ಪ ಹೊತ್ತು ಗುಂಯ್ ಎಂದು ಆಮೇಲೆ ತಾನೇ ಫೋಟೋ ತೆಗೆಯುತ್ತದೆ. ಆ ಗುಂಯ್ ಸದ್ದಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಇವತ್ತಿಗೂ ಜೀರುಂಡೆಯ ಸದ್ದು ಕೇಳಿದರೆ ನನಗೆ ಹಣೆಯ ಮೇಲೆ ವಿಭೂತಿ ಒಣಗಿ ಬಿಗಿದ ಹಾಗಾಗುತ್ತದೆ.

ಆಮೇಲೆ ನನ್ನ ಕೈ ಕೆಲಸ. ಕೆನ್ನೆ ಒಳಗಿಳಿಸಿದೆ, ಮೂಗು ತಿದ್ದಿದೆ, ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆದೆ. ಕ್ಯಾಮೆರಾ ದೊಡ್ಡದೋ ಕೈ ದೊಡ್ಡದೋ ಎಂಬ ಜಗಳ ಅವತ್ತೇ ಮುಗಿಯಿತು. ಅಂಥ ಕೆಲಸ ನಾನು ಜೀವಮಾನದಲ್ಲಿ ಮತ್ತೆ ಮಾಡಲಿಲ್ಲ. ನನ್ನ ಕೈಯಲ್ಲಿದ್ದ ಕಸುಬೆಲ್ಲ ಆ ಒಂದು ಸುಳ್ಳಿಗೆ ಸುರಿದೆ.

ಗುರುಮಲ್ಲಪ್ಪನವರು ಪಟ ನೋಡಿ ಗಳಗಳ ಅತ್ತರು. ಜ್ವರಕ್ಕೆ ಮುಖ ಇಳಿದುಹೋಗಿದೆ ಎಂದರು. ತಮ್ಮನ ಫೋಟೋ ಎಂದೂ ನೋಡಿದವರಲ್ಲ, ಹೋಲಿಸಲು ಬೇರೊಂದು ಇರಲಿಲ್ಲ. ನೆಂಟರ ಜೊತೆ ತೆಗೆದದ್ದಕ್ಕೆ ಬೆಳಕು ಬಿದ್ದು ಕೆಟ್ಟಿತು ಎಂದು ಹೇಳಿದೆ, ಅದನ್ನೂ ನಂಬಿದರು. ಗುಂಡ್ಲುಪೇಟೆ ಸಂತೆಗೆ ಹೋದಾಗ ಸುಬ್ಬಣ್ಣನವರಿಗೂ ತೋರಿಸಿದರಂತೆ. ಮುಂದಿನ ಸಲ ಸುಬ್ಬಣ್ಣನವರು ನನ್ನನ್ನು ಕಂಡಾಗ, ಬೋಳಿಸಿದ ಮೀಸೆಯ ಜಾಗ ನೋಡುತ್ತ ಒಂದೇ ಮಾತು ಹೇಳಿದರು.

"ಚೆನ್ನಾಗಿ ಕುಂತಿದ್ದೀಯ ಕಣ್ಲಾ."

ಮತ್ತೆ ಅವರು ನನ್ನ ಹತ್ತಿರ ಕ್ಯಾಮೆರಾ ಮಾತು ಎತ್ತಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆನೇನೋ.

ಪಟವನ್ನು ಬದನಗುಪ್ಪೆಗೆ ಕಳಿಸಿದ್ದರು. ಬಾಣಂತನ ಮುಗಿಸಿ ಬೇಗೂರಿಗೆ ಹೊರಟ ದಿನ ನಿನ್ನ ಅವ್ವ ನೇರ ನನ್ನ ಅಂಗಡಿಗೆ ಬಂದಳು. ಕಂಕುಳಲ್ಲಿ ನೀನು. ಜೊತೆಗೆ ಬಂದಿದ್ದ ಅವಳ ಅಣ್ಣನನ್ನು ಹೊರಗೇ ನಿಲ್ಲಿಸಿ, ಪಟವನ್ನು ನನ್ನ ಮುಂದೆ ಹಿಡಿದಳು. ಅಳಲಿಲ್ಲ, ರೇಗಲಿಲ್ಲ.

"ಇವ್ರು ಯಾರು ಸ್ವಾಮಿ? ನಮ್ಮೋರಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಮೇಲ್ದುಟಿಗೆ ಹೋಯಿತು. ಆಗಲಾದರೂ — ಅವಳೊಬ್ಬಳೇ ಇದ್ದಳು, ಕೇಳುತ್ತಿದ್ದಳು, ಒಂದು ಮಾತು ಸಾಕಿತ್ತು. ನಾನು ಹೇಳಿದ ಮಾತು ಇದು: "ಇದು ಜರ್ಮನಿ ಕ್ಯಾಮೆರಾ ತಾಯಿ. ಮುಂದಿದ್ದೋರನ್ನ ಬಿಟ್ಟು ಬೇರೆಯವರ್ನ ತೆಗಿಯಲ್ಲ."

"ಅಂಗಾರೆ ನನ್ ಕಣ್ಣೇ ತಪ್ಪು ಅನ್ನಿ."

ಹಸಿ ಬಾಣಂತಿ, ನೊಂದಿದ್ದೀಯ, ಕಣ್ಣಿಗೆ ಹಾಗೆ ಕಾಣುತ್ತದೆ ಎಂದೆ. ಅವಳು ನನ್ನನ್ನು ನೋಡಿದಳು, ಪಟ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಏನು ಕಂಡಳೋ ನನಗೆ ಗೊತ್ತಿಲ್ಲ. ಪಟವನ್ನು ಮಡಿಲಿಗೆ ಹಾಕಿಕೊಂಡು ಹೋದಳು.

ಅವಳು ಏನೆಂದುಕೊಂಡಳು ಎಂಬುದು ನನಗೆ ಆಮೇಲೆ ತಿಳಿಯಿತು. ಪಟದಲ್ಲಿರುವವನು ತನ್ನ ಗಂಡನಲ್ಲ — ಹಾಗಾದರೆ ಸತ್ತವನೂ ತನ್ನ ಗಂಡನಲ್ಲ. ಅವರು ಎಲ್ಲೋ ಹೋಗಿದ್ದಾರೆ, ಊಟಿ ಕಡೆ ತೋಟದ ಕೆಲಸಕ್ಕೆ ಹೋಗಿದ್ದಾರೆ, ಭಾವ ಜಮೀನಿನಲ್ಲಿ ಅವರ ಪಾಲಿಗೆ ಆಸೆಪಟ್ಟು ಮುಚ್ಚಿಡುತ್ತಿದ್ದಾರೆ. ಅವಳು ಕುಂಕುಮ ಅಳಿಸಲಿಲ್ಲ. ಊರಿನವರು ಬಾಣಂತಿ ಸನ್ನಿ ಎಂದರು. ತಮ್ಮನ ಹೆಂಡತಿಯ ಬಾಯಲ್ಲಿ ಕಳ್ಳ ಎನಿಸಿಕೊಂಡು ಗುರುಮಲ್ಲಪ್ಪನವರು ಮನೆಯ ನಡುವೆ ಗೋಡೆ ಎಬ್ಬಿಸಿದರು. ಯೋಚನೆ ಮಾಡು ಮಂಗಳಾ. ಆ ಊರಿನಲ್ಲಿ ಸರಿಯಾಗಿ ನೋಡಿದವಳು ಅವಳೊಬ್ಬಳೇ. ಹುಚ್ಚಿ ಎನಿಸಿಕೊಂಡವಳೂ ಅವಳೊಬ್ಬಳೇ.

ಒಂದು ಸಲ ಗುಂಡ್ಲುಪೇಟೆಯಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಬೇಗೂರಿನಲ್ಲಿ ಬಸ್ಸು ನಿಂತಿತು. ಊಟಿಯಿಂದ ಇಳಿದು ಬರುವ ಬಸ್ಸು ಅದು. ನಿನ್ನ ಅವ್ವ ಕಿಟಕಿ ಕಿಟಕಿಯ ಕೆಳಗೂ ನಿಂತು ಒಳಗಿನ ಗಂಡಸರ ಮುಖ ನೋಡುತ್ತ ಬಂದಳು. ಪಕ್ಕದಲ್ಲಿ ಸೆರಗು ಹಿಡಿದ ನೀನು. ನನ್ನ ಕಿಟಕಿಗೆ ಬಂದಾಗ ನಾನು ಟವೆಲಿನಿಂದ ಮುಖ ಒರೆಸಿಕೊಳ್ಳುವವನ ಹಾಗೆ ಮುಚ್ಚಿಕೊಂಡೆ. ಬಸ್ಸು ಹೊರಟರೂ ಟವೆಲು ತೆಗೆಯಲಿಲ್ಲ. ಅಂದಿನಿಂದ ನಾನು ಮೈಸೂರಿಗೆ ಚಾಮರಾಜನಗರದ ರೈಲಿನಲ್ಲೇ ಹೋಗಿದ್ದೇನೆ. ರೈಲು ಬೇಗೂರಿಗೆ ಹೋಗುವುದಿಲ್ಲ.

ಹೋದ ವಾರ ನೀನು ಟೀ ಕುಡಿಯುತ್ತ ಮಿಕ್ಕದ್ದನ್ನು ಹೇಳಿದೆ. ಅವ್ವ ಆ ಪಟಕ್ಕೆ ಒಂದು ದಿನವೂ ಹೂ ಇಡಲಿಲ್ಲ ಎಂದೆ. ನೀನು ಪೂಜೆ ಮಾಡುವಾಗ ಎದ್ದು ಹೊರಗೆ ಹೋಗುತ್ತಿದ್ದಳು ಎಂದೆ. ವಿಧವಾ ವೇತನ ಬರೆಸೋಣ ಎಂದು ಯಾರೋ ಬಂದರೆ, ನಾನ್ಯಾವ ವಿಧವೆ ಎಂದು ಬಾಗಿಲು ಹಾಕಿಕೊಂಡಳಂತೆ. ಕೊನೆಗೆ ಅವಳನ್ನು ಮಣ್ಣಿಗೆ ಒಯ್ಯುವಾಗ ಹೆಂಗಸರು ಹಣೆಯ ಕುಂಕುಮ ಒರೆಸಿ ವಿಭೂತಿ ಇಟ್ಟರಂತೆ. ಪಾಪ, ಅವ್ವನಿಗೆ ಸನ್ನಿ ಬಿಡಲೇ ಇಲ್ಲ ಎಂದೆ ನೀನು. ನಾನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನೋಡು, ತಪ್ಪೊಪ್ಪಿಗೆಯಲ್ಲೂ ಕೈ ಹೇಗೆ ತಿದ್ದುತ್ತದೆ —

ಮುಚ್ಚಳದ ಸಂಗತಿ ನನಗೆ ತಿಳಿದದ್ದು ಚಾಮರಾಜನಗರದಲ್ಲಿ ಫಿಲ್ಮು ತೊಳೆದಾಗಲ್ಲ. ಬೇಗೂರಿನಲ್ಲೇ. ಊರಾಚೆ ಹೊಂಗೆ ಮರದ ಕೆಳಗೆ ಸೈಕಲ್ ನಿಲ್ಲಿಸಿ, ಕ್ಯಾಮೆರಾಕ್ಕೆ ಮುಚ್ಚಳ ಹಾಕೋಣವೆಂದು ಜೇಬಿನಲ್ಲಿ ಹುಡುಕಿದೆ. ಇರಲಿಲ್ಲ. ಕ್ಯಾಮೆರಾ ತಿರುಗಿಸಿ ನೋಡಿದೆ. ಅದು ಲೆನ್ಸಿನ ಮೇಲೇ ಇತ್ತು. ಆಗ ತಮಟೆ ಕೇಳುತ್ತಿತ್ತು, ಮಂಗಳಾ. ಹೊಲದ ಬದುವಿನ ಮೇಲೆ ನಿನ್ನ ಅಪ್ಪನನ್ನು ಕೂರಿಸಿಕೊಂಡು ಹೋಗುತ್ತಿದ್ದದ್ದು ಕಾಣುತ್ತಿತ್ತು. ಬಿಳಿ ಪೇಟ ಕಾಣುತ್ತಿತ್ತು. ಫಿಲ್ಮು ಇನ್ನೂ ಉಳಿದಿತ್ತು. ಓಡಿಹೋಗಿ, ತಪ್ಪಾಯಿತು, ಒಂದು ಗಳಿಗೆ ಇಳಿಸಿ ಎಂದಿದ್ದರೆ ಇಳಿಸುತ್ತಿದ್ದರು. ಬೈದು ಇಳಿಸುತ್ತಿದ್ದರು. ಸುಬ್ಬಣ್ಣನವರಿಗೆ ಸುದ್ದಿ ಮುಟ್ಟುತ್ತದಲ್ಲ, ಹೋಟೆಲಿನಲ್ಲಿ ನಗುತ್ತಾರಲ್ಲ ಎಂದು ನಾನು ಮರದ ಕೆಳಗೇ ನಿಂತೆ. ಮುಚ್ಚಳ ಕೈಯಲ್ಲಿ ಹಿಡಿದು, ಈಗ ತೆಗೆಯುತ್ತೇನೆ ಕಣಪ್ಪ ಎಂದೆ. ಯಾರಿಗೆ ಎಂದೆನೋ. ತಮಟೆ ನಿಲ್ಲುವವರೆಗೂ ನಿಂತಿದ್ದೆ. ಅವತ್ತು ಬೇಕಾಗಿದ್ದದ್ದು ಕ್ಯಾಮೆರಾ ಅಲ್ಲ, ಕೈಚಳಕವೂ ಅಲ್ಲ. ಒಂದು ನಾಲಿಗೆ ಬೇಕಾಗಿತ್ತು. ನನ್ನ ಬಾಯಲ್ಲಿ ಅದು ಇತ್ತು.

ನಿನ್ನ ಅಪ್ಪನ ಕೊನೆಯ ಮುಖವನ್ನು ನೋಡಿದವರಲ್ಲಿ ಈಗ ಉಳಿದಿರುವವನು ಬಹುಶಃ ನಾನೊಬ್ಬನೇ. ಅಗಲ ಹಣೆ. ಮೂಗಿನ ತುದಿ ಸ್ವಲ್ಪ ಬಾಗಿತ್ತು, ನಿನ್ನದರ ಹಾಗೆ. ಕೆಳತುಟಿ ಏನೋ ಹೇಳಲು ಹೊರಟ ಹಾಗೆ ತುಸು ತೆರೆದಿತ್ತು. ಒಂದು ಹುಬ್ಬಿನ ಮೇಲೆ ಹಳೆಯ ಗಾಯದ ಗೀರು. ಎಡ ಹುಬ್ಬೋ ಬಲ ಹುಬ್ಬೋ — ಆ ಕ್ಯಾಮೆರಾದ ಗಾಜಿನಲ್ಲಿ ಎಡ ಬಲ ತಿರುಗಿ ಕಾಣುತ್ತದೆ, ಈಗ ಆಣೆ ಮಾಡಿ ಹೇಳಲಾರೆ. ನಿನ್ನ ಅವ್ವನನ್ನು ಕೇಳಿದ್ದರೆ ಹೇಳುತ್ತಿದ್ದಳು.

ಸೋಮವಾರ ನಾನೇ ಬೇಗೂರಿಗೆ ಬರುತ್ತೇನೆ. ಬಸ್ಸಿನಲ್ಲೇ ಬರುತ್ತೇನೆ. ನಿನ್ನ ದೊಡ್ಡಪ್ಪನ ಮಕ್ಕಳನ್ನೂ, ಅವಳ ಹಣೆ ಒರೆಸಿದ ಹೆಂಗಸರನ್ನೂ ಕರೆಸು. ಇದನ್ನು ಅವರ ಮುಂದೆ ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಶಿವಮ್ಮನಿಗೆ ಸನ್ನಿ ಇರಲಿಲ್ಲ ಎಂದು ಅವರು ಕೇಳಿಸಿಕೊಳ್ಳಬೇಕು, ಅಷ್ಟೇ.

ನೀನು ಹೇಳಿದ ಪಟ ಸಿದ್ಧವಾಗಿದೆ. ನಿನ್ನ ಅವ್ವನನ್ನು ದೊಡ್ಡದಾಗಿ ಮಾಡಿದ್ದೇನೆ, ಎಲ್ಲೂ ಕುಂಚ ಮುಟ್ಟಿಸಿಲ್ಲ, ಕುಂಕುಮ ಹಾಗೇ ಇದೆ. ಇಬ್ಬರು ಕೂರುವಷ್ಟು ಅಗಲದ ಚೌಕಟ್ಟನ್ನೇ ಹಾಕಿಸಿದ್ದೇನೆ. ಅವಳ ಪಕ್ಕದ ಜಾಗ ಖಾಲಿ ಬಿಟ್ಟಿದ್ದೇನೆ.